ಪುಟ್ಟಿಯ ಚೆಂಡು, ಅಜ್ಜಿಯ ಲೆಕ್ಕ

ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿಬಂದ ಅಜ್ಜಿಯರು ಏನು ಬರೆಯುತ್ತಾರೆಂದು ನಿಮಗೆ ಗೊತ್ತೇ ಇದೆ. ವಿಮಾನದಲ್ಲಿ ಕಾಲು ಊದಿಕೊಂಡದ್ದು, ಕರಿಬೇವಿನ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಎದೆ ಒಡೆದುಕೊಂಡದ್ದು, ಮನೆ ಮುಂದೆ ರಂಗೋಲಿಗೆ ಜಾಗ ಹುಡುಕಿದ್ದು. ಹೆದರಬೇಡಿ, ನಾನು ಅದೊಂದನ್ನೂ ಬರೆಯಲು ಹೊರಟಿಲ್ಲ. ನಾನು ಬರೆಯಹೊರಟಿರುವುದು ಒಂದು ಚೆಂಡಾಟದ ಲೆಕ್ಕ. "ಚೆಂಡಾಟಕ್ಕೂ ಎಪ್ಪತ್ನಾಲ್ಕು ವರ್ಷದ ಮುದುಕಿಗೂ ಏನ್ರೀ ಸಂಬಂಧ?" ಅಂತೀರಾ? ನಮ್ಮವರೂ ಫೋನಿನಲ್ಲಿ ಹಾಗೇ ಅಂದರು. ಒಲೆಯ ಮೇಲೆ ಏನಾದರೂ ಇದ್ದರೆ ಉರಿ ಸಣ್ಣ ಮಾಡಿ ಬನ್ನಿ, ಹೇಳುತ್ತೇನೆ.

ನನ್ನ ಮಗಳು, ಅಳಿಯ ಇರುವುದು ಕ್ಯಾಲಿಫೋರ್ನಿಯಾದ ದಕ್ಷಿಣಕ್ಕೆ, ಆರೆಂಜ್ ಕೌಂಟಿ ಎಂಬಲ್ಲಿ. ಆ ಕಡೆಯ ಹೈಸ್ಕೂಲುಗಳಲ್ಲಿ ವಾಟರ್ ಪೋಲೋ ಎಂಬ ಆಟ ಬಹಳ ಬಳಕೆಯಲ್ಲಿದೆ. ನನ್ನ ಮೊಮ್ಮಗಳು ಪುಟ್ಟಿಯೂ ಅದನ್ನೇ ಆಡುತ್ತಾಳೆ. ಪೋಲೋ ಅಂದಾಗ ನಾನು ನೀರಿಗೆ ಕುದುರೆ ಇಳಿಸುತ್ತಾರೇನೋ ಎಂದುಕೊಂಡಿದ್ದೆ. ಹೇಳಿ ನಗೆಪಾಟಲಾದೆ. ಅಲ್ಲಿ ಹುಡುಗಿಯರ ಪಂದ್ಯಗಳು ನಡೆಯುವುದು ಚಳಿಗಾಲದಲ್ಲಿ, ಅದೂ ಬಯಲಿನ ಕೊಳದಲ್ಲಿ. ನೀರು ಬಿಸಿ ಮಾಡಿರುತ್ತಾರೆ. ಸಂಜೆ ದೀಪದ ಬೆಳಕಿನಲ್ಲಿ ಕೊಳದ ಮೇಲೆಲ್ಲ ಹಬೆ ಆಡುತ್ತಿರುತ್ತದೆ, ಹಂಡೆಯ ನೀರು ಕಾದ ಹಾಗೆ. ದಡದ ಬೆಂಚಿನ ಮೇಲೆ ಸ್ವೆಟರು, ಅದರ ಮೇಲೆ ಶಾಲು ಹೊದ್ದು ಕೂತವಳು ನಾನು.

ಆಟ ಏನೆಂದು ಸ್ವಲ್ಪ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನ ಲೆಕ್ಕ ತಿಳಿಯುವುದಿಲ್ಲ. ಒಂದೊಂದು ತಂಡದಿಂದ ಏಳೇಳು ಮಂದಿ ನೀರಿನಲ್ಲಿರುತ್ತಾರೆ. ಅವರಲ್ಲಿ ಒಬ್ಬಳು ಗೋಲ್‌ಕೀಪರ್, ಅವಳಿಗೆ ಕೆಂಪು ಟೋಪಿ. ಕೊಳದ ತಳಕ್ಕೆ ಕಾಲೂರುವಂತಿಲ್ಲ. ಗೋಲ್‌ಕೀಪರನ್ನು ಬಿಟ್ಟು ಬೇರೆ ಯಾರೂ ಚೆಂಡನ್ನು ಎರಡು ಕೈಯಲ್ಲಿ ಹಿಡಿಯುವಂತಿಲ್ಲ. ಮತ್ತೆ ತೇಲುವುದು ಹೇಗೆ ಅಂತೀರಾ? ನೀರೊಳಗೆ ಎರಡು ಕಾಲನ್ನೂ ಒಂದು ಆ ಕಡೆ, ಒಂದು ಈ ಕಡೆ ತಿರುಗಿಸುತ್ತಲೇ ಇರಬೇಕು, ನಾವು ಮಜ್ಜಿಗೆ ಕಡೆಯುವಾಗ ಕಡೆಗೋಲು ಆಡುವ ಹಾಗೆ. ಗೋಲಿನ ಚೌಕಟ್ಟು 3 ಮೀಟರ್ ಅಗಲ, ನೀರಿನ ಮೇಲೆ 90 ಸೆಂಟಿಮೀಟರ್ ಎತ್ತರ. ಅಂದರೆ ನಮ್ಮ ಅಡುಗೆಮನೆಯ ಕಟ್ಟೆಯಷ್ಟೇ ಎತ್ತರ. ಅದರ ಮುಂದೆ ಎರಡು ಕೈ ಚಾಚಿಕೊಂಡು ಒಬ್ಬಳು ನಿಂತಿದ್ದರೆ ಉಳಿಯುವುದು ನಾಲ್ಕು ಮೂಲೆ ಮಾತ್ರ.

ಇನ್ನೊಂದು ಮುಖ್ಯ ನಿಯಮ ಉಂಟು. ಚೆಂಡು ಸಿಕ್ಕ ತಂಡ ಗೊತ್ತಾದಷ್ಟು ಸೆಕೆಂಡಿನೊಳಗೆ ಗೋಲಿಗೆ ಎಸೆಯಬೇಕು, ತಪ್ಪಿದರೆ ಚೆಂಡು ಎದುರಾಳಿಗೆ. ಪುಟ್ಟಿಯ ಪಂದ್ಯಗಳಲ್ಲಿ ಅದು 30 ಸೆಕೆಂಡು. ದಡದ ಮೇಲೆ ಗಡಿಯಾರ ಎಲ್ಲರಿಗೂ ಕಾಣುವಂತೆ ಇಳಿಯುತ್ತಿರುತ್ತದೆ. ಯಾರಾದರೂ ಹಿಡಿದು ಎಳೆದು ದೊಡ್ಡ ತಪ್ಪು ಮಾಡಿದರೆ ಅವಳನ್ನು ಕೆಲವು ಸೆಕೆಂಡು ಆಚೆ ಕಳಿಸುತ್ತಾರೆ. ಆಗ ಆರು ಜನರ ಎದುರು ಐವರೇ ಉಳಿಯುವುದರಿಂದ ಗೋಲು ಹೊಡೆಯುವುದು ಸುಲಭ. ಇನ್ನೂ ಹೆಚ್ಚಿನ ತಪ್ಪಾದರೆ ಪೆನಾಲ್ಟಿ. 5 ಮೀಟರಿನಿಂದ, ಗೋಲ್‌ಕೀಪರ್ ಒಬ್ಬಳೇ ಎದುರಿಗೆ. ಅದು ಎಲ್ಲಕ್ಕಿಂತ ಸುಲಭದ ಎಸೆತ.

ಗಂಡಸರ ವಾಟರ್ ಪೋಲೋ ಒಲಿಂಪಿಕ್ಸ್‌ಗೆ ಬಂದದ್ದು 1900ರಲ್ಲಿ. ಹೆಂಗಸರಿಗೆ ಅವಕಾಶ ಸಿಕ್ಕಿದ್ದು 2000ದಲ್ಲಿ, ಸಿಡ್ನಿಯಲ್ಲಿ. ಸರಿಯಾಗಿ ನೂರು ವರ್ಷ ಕಾದರು ನೋಡಿ. ನಮ್ಮ ದೇಶಕ್ಕೂ ಈ ಆಟಕ್ಕೂ ಹಳೆಯ ನಂಟು. 1951ರಲ್ಲಿ, ನಾನು ಹುಟ್ಟಿದ ವರ್ಷ, ದೆಹಲಿಯಲ್ಲಿ ನಡೆದ ಮೊದಲನೆಯ ಏಷ್ಯನ್ ಕ್ರೀಡಾಕೂಟದಲ್ಲಿ ವಾಟರ್ ಪೋಲೋ ಚಿನ್ನ ಗೆದ್ದವರು ಭಾರತದವರೇ. ಇದನ್ನು ಹೇಳಿದ ಮೇಲೆ ಅಳಿಯಂದಿರು ನನ್ನನ್ನು ಸ್ವಲ್ಪ ಗೌರವದಿಂದ ಕೊಳಕ್ಕೆ ಕರೆದುಕೊಂಡು ಹೋಗತೊಡಗಿದರು.

ಈಗ ವಿಷಯಕ್ಕೆ ಬರೋಣ. ಜನವರಿಯ ಒಂದು ಸಂಜೆ ಪುಟ್ಟಿ ಮನೆಗೆ ಬಂದವಳು ಚೀಲ ಎಸೆದು, ತಟ್ಟೆಯ ಮುಂದೆ ಕೂತು, ಚಪಾತಿಯನ್ನು ಚೂರು ಚೂರು ಮಾಡಿದಳೇ ಹೊರತು ಬಾಯಿಗೆ ಇಡಲಿಲ್ಲ. ಆವತ್ತು ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಒಂದು ಪಟ್ಟಿ ಅಂಟಿಸಿದ್ದರಂತೆ. ಪ್ರತಿಯೊಬ್ಬಳೂ ಎಷ್ಟು ಎಸೆದಳು, ಎಷ್ಟು ಗೋಲಾಯಿತು, ಶೇಕಡಾ ಎಷ್ಟು. ಪುಟ್ಟಿ 40 ಎಸೆದು 12 ಗೋಲು, ಶೇಕಡಾ 30. ಅವಳ ಜಾಗಕ್ಕೇ ಪೈಪೋಟಿಯಲ್ಲಿರುವ 9ನೇ ನಂಬರಿನ ಟೋಪಿಯ ಹುಡುಗಿ 35 ಎಸೆದು 16 ಗೋಲು, ಶೇಕಡಾ ಸುಮಾರು 46. ಮುಂದಿನ ಪಂದ್ಯದಿಂದ ಮೊದಲ ಏಳರಲ್ಲಿ ಪುಟ್ಟಿ ಇಲ್ಲ.

"ಅಜ್ಜಿ, ಐ ಆಮ್ ನಾಟ್ ಗುಡ್. ನಂಬರ್ ಹಾಗೇ ಹೇಳುತ್ತೆ" ಅಂದಳು.

ನಾನು ಏನು ಹೇಳಿದೆ ಗೊತ್ತೇ? ಎಲ್ಲ ಹಿರಿಯರೂ ಹೇಳುವುದನ್ನೇ. "ಇನ್ನಷ್ಟು ಅಭ್ಯಾಸ ಮಾಡು ಮರಿ, ಕೂತು ಉಗುಳಿದರೆ ಗೋಡೆ ತೊಳೆಯೋದಿಲ್ಲ." ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಆದರೂ ಆ ಶೇಕಡಾವನ್ನು ಒಂದು ಪ್ರಶ್ನೆಯೂ ಕೇಳದೆ ನಂಬಿಬಿಟ್ಟೆ.

ಆಮೇಲಿನ ಎರಡು ಪಂದ್ಯದಲ್ಲಿ ಪುಟ್ಟಿಯನ್ನು ನಡುವೆ ಸ್ವಲ್ಪ ಹೊತ್ತು ಇಳಿಸಿದರು. ಅವಳು ಚೆನ್ನಾಗಿಯೇ ಈಜಿದಳು, ಎದುರಾಳಿಯನ್ನು ತಡೆದಳು, ಆದರೆ ಒಂದೇ ಒಂದು ಸಲವೂ ಗೋಲಿಗೆ ಎಸೆಯಲಿಲ್ಲ. ಚೆಂಡು ಕೈಗೆ ಬಂದರೆ ಕೆಂಡ ಬಿದ್ದ ಹಾಗೆ ಬೇರೆಯವರಿಗೆ ದಾಟಿಸಿಬಿಡುವಳು. ಒಂದು ಸಲವಂತೂ ಎದುರಿಗೆ ಗೋಲ್‌ಕೀಪರ್ ಬಿಟ್ಟು ಯಾರೂ ಇರಲಿಲ್ಲ, ಆಗಲೂ ದಾಟಿಸಿದಳು. ಮನೆಗೆ ಬರುವಾಗ ಕಾರಿನಲ್ಲಿ ಕೇಳಿದೆ, "ಯಾಕೆ ಎಸೀಲಿಲ್ವೇ?"

"ಎಸೀದೇ ಇದ್ರೆ ಶೇಕಡಾ ಇಳಿಯೋದಿಲ್ಲ ಅಜ್ಜಿ."

ಆ ಮಾತು ಕೇಳಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದು ಹೇಳುತ್ತೇನೆ. ಇದುವರೆಗೆ ನಮ್ಮವರಿಗೂ ಹೇಳಿಕೊಂಡಿರಲಿಲ್ಲ.

1986ರ ಮಾತು. ತಿಪಟೂರು ಕಡೆಯ ಒಂದು ಹೈಸ್ಕೂಲಿನಲ್ಲಿದ್ದೆ. ಹತ್ತನೇ ತರಗತಿಗೆ ಮೂರು ಸೆಕ್ಷನ್. ಎ ಸೆಕ್ಷನ್‌ಗೆ ಒಳ್ಳೆ ಅಂಕ ತೆಗೆದವರು, ಸಿ ಸೆಕ್ಷನ್‌ಗೆ ಉಳಿದವರು. ಹೊಸಬಳು ಅಂತ ಸಿ ಸೆಕ್ಷನ್ ನನ್ನ ಪಾಲಿಗೆ ಬಂತು. ಹೊಲದ ಕೆಲಸ ಮುಗಿಸಿ ಮೂರು ಮೈಲಿ ನಡೆದು ಬರುವ ಮಕ್ಕಳು. ಆ ವರ್ಷ ಗಣಿತದಲ್ಲಿ ನನ್ನ 38 ಮಕ್ಕಳಲ್ಲಿ 17 ಜನ ಪಾಸಾದರು. ಸಭೆಯಲ್ಲಿ ಮುಖ್ಯೋಪಾಧ್ಯಾಯರು ಎಲ್ಲರ ಶೇಕಡಾ ಓದಿದರು. ನನ್ನದು 45ರ ಹತ್ತಿರ. ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು, ಅಷ್ಟೇ. ಮನೆಗೆ ಬಂದು ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಅತ್ತೆ. "ಸಾರ್, ನನಗೆ ಬಂದ ಮಕ್ಕಳು ಹೇಗಿದ್ದರು ಅದನ್ನೂ ಓದಿ" ಅನ್ನುವ ಧೈರ್ಯ ಇರಲಿಲ್ಲ.

ಇದು ನನಗಾದ ಅನ್ಯಾಯ. ನಾನು ಮಾಡಿದ್ದು ಮುಂದಿನ ವರ್ಷ. ಪರೀಕ್ಷೆಗೆ ಹಣ ಕಟ್ಟುವ ಮೊದಲು, ಪಾಸಾಗುವುದು ಅನುಮಾನ ಅನ್ನಿಸಿದ ಮೂವರನ್ನು ಕರೆದು, "ಈ ಸಲ ಬೇಡ, ಚೆನ್ನಾಗಿ ಓದಿ ಮುಂದಿನ ಸಲ ಕಟ್ಟಿ" ಅಂದೆ. ಮಕ್ಕಳ ಒಳ್ಳೆಯದಕ್ಕೇ ಅಂತ ನನಗೆ ನಾನೇ ಹೇಳಿಕೊಂಡೆ. ನನ್ನ ಶೇಕಡಾ ಮೇಲೇರಿತು. ಮುಖ್ಯೋಪಾಧ್ಯಾಯರು ಹೆಸರು ಹಿಡಿದು ಹೊಗಳಿದರು. ಆ ಮೂವರಲ್ಲಿ ಇಬ್ಬರು ಮುಂದಿನ ಸಲ ಕಟ್ಟಿದರು. ಒಬ್ಬ ಹುಡುಗಿ ಕಟ್ಟಲಿಲ್ಲ. ನಿಧಾನದವಳು, ಆದರೆ ಒಮ್ಮೆ ತಿಳಿದರೆ ಮರೆಯುತ್ತಿರಲಿಲ್ಲ. ಹೇಗೂ ಪರೀಕ್ಷೆ ಇಲ್ಲವಲ್ಲ ಅಂತ ಮನೆಯವರು ಆ ವೈಶಾಖದಲ್ಲೇ ಮದುವೆ ಮಾಡಿದರು. ಅವಳು ಫೇಲಾದವರ ಪಟ್ಟಿಯಲ್ಲಿ ಇಲ್ಲ. ಯಾವ ಪಟ್ಟಿಯಲ್ಲೂ ಇಲ್ಲ.

ಎಸೆಯದೇ ಇದ್ದರೆ ಶೇಕಡಾ ಇಳಿಯುವುದಿಲ್ಲ. ಪುಟ್ಟಿ ಹದಿನಾರಕ್ಕೆ ಕಂಡುಕೊಂಡದ್ದನ್ನು ನಾನು ಮೂವತ್ತಾರಕ್ಕೆ ಕಂಡುಕೊಂಡಿದ್ದೆ.

ಬೆಳಿಗ್ಗೆ ಎದ್ದು ಮಗಳಿಗೆ ಹೇಳಿ ಒಂದು ಚೌಕಳಿ ನೋಟ್‌ಬುಕ್ ತರಿಸಿಕೊಂಡೆ. ಅಳಿಯಂದಿರು ಆ ಋತುವಿನ ಪಂದ್ಯಗಳನ್ನೆಲ್ಲ ವಿಡಿಯೋ ಮಾಡಿಟ್ಟಿದ್ದರು. ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ ಕಾಫಿ ಲೋಟ ಹಿಡಿದು ಟಿವಿ ಮುಂದೆ ಕೂರುವುದು, ಒಂದೊಂದು ಎಸೆತಕ್ಕೂ ನಿಲ್ಲಿಸಿ ಬರೆಯುವುದು. ಯಾರು ಎಸೆದದ್ದು, ಎಲ್ಲಿಂದ, ಗಡಿಯಾರದಲ್ಲಿ ಎಷ್ಟು ಸೆಕೆಂಡು ಉಳಿದಿತ್ತು, ಏನಾಯಿತು: ಗೋಲೋ, ಗೋಲ್‌ಕೀಪರ್ ತಡೆದಳೋ, ನಡುವೆ ಬೇರೆಯವರ ಕೈಗೆ ಬಡಿಯಿತೋ, ಕಂಬಿಗೆ ಬಡಿಯಿತೋ, ಆಚೆ ಹೋಯಿತೋ. ಇದೇನು ನನ್ನ ಹೊಸ ಕಲ್ಪನೆಯಲ್ಲ. ಒಲಿಂಪಿಕ್ಸ್ ಪಂದ್ಯಗಳ ಅಧಿಕೃತ ಪಟ್ಟಿಗಳಲ್ಲೂ ಪೆನಾಲ್ಟಿ, ಎದುರಾಳಿ ಕಡಿಮೆ ಇದ್ದಾಗಿನ ಎಸೆತ, ಗೋಲಿನ ಮುಂದಿನಿಂದ ಎಸೆದದ್ದು, ದೂರದ್ದು, ಚೆಂಡು ಕಸಿದು ನುಗ್ಗಿದಾಗಿನದ್ದು ಎಂದು ಬಿಡಿಸಿಯೇ ಬರೆಯುತ್ತಾರೆ. ಬೇಳೆ, ಅಕ್ಕಿ, ಸಾಸಿವೆ ಎಲ್ಲ ಒಂದೇ ಡಬ್ಬಕ್ಕೆ ಸುರಿದು ತೂಕ ಹಾಕಿದರೆ ಏನು ತಿಳಿದೀತು?

ಒಂದು ವಾರವಾಯಿತು. ಮೊದಲು ಆದ ಅವಮಾನವನ್ನೂ ಹೇಳಿಬಿಡುತ್ತೇನೆ. ನನ್ನ ಲೆಕ್ಕ ನನಗೇ ಪೂರ್ತಿ ನಂಬಿಕೆಯಾಗದೆ, ಮಗಳಿಗೆ ನನ್ನ ಪುಸ್ತಕ ತೋರಿಸದೆ ಅವಳ ಕೈಲೂ ಬರೆಸಿದೆ. ನಾಲ್ಕು ಕಡೆ ನಮ್ಮಿಬ್ಬರ ಲೆಕ್ಕ ಹೊಂದಲಿಲ್ಲ. ನಾಲ್ಕೂ ನಾನು ಪುಟ್ಟಿಯ ಪರವಾಗಿ ಬರೆದದ್ದೇ! ಕಂಬಿಗೆ ಬಡಿದದ್ದಕ್ಕೆ "ಅರ್ಧ ಗೋಲು" ಅಂತಲೂ ಒಂದು ಕಡೆ ಬರೆದಿದ್ದೆ. "ಅಮ್ಮಾ, ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನೀನು ಅದಕ್ಕೂ ಒಂದು ತಲೆಮಾರು ಮೇಲೆ" ಅಂತ ಮಗಳು ನಕ್ಕಳು. ಆಮೇಲೆ ನಿಯಮ ಮೊದಲೇ ಬರೆದಿಟ್ಟುಕೊಂಡು ಮತ್ತೆ ಎಣಿಸಿದೆವು. ಕೊಳದ ಗುರುತಿನ ಪ್ರಕಾರ 6 ಮೀಟರಿನ ಒಳಗೆ ಎಸೆದದ್ದು "ಹತ್ತಿರ", ಆಚೆಯದು "ದೂರ". ಒಳಗೆ ಹೋದದ್ದು ಗೋಲು, ಉಳಿದದ್ದೆಲ್ಲ ಗೋಲಲ್ಲ.

ಈಗ ಲೆಕ್ಕ ನೋಡಿ. ಪುಟ್ಟಿ ಹತ್ತಿರದಿಂದ 10 ಎಸೆದು 7 ಗೋಲು, ಶೇಕಡಾ 70. ದೂರದಿಂದ 30 ಎಸೆದು 5 ಗೋಲು, ಶೇಕಡಾ ಸುಮಾರು 17. ಆ 9ನೇ ನಂಬರಿನ ಹುಡುಗಿ ಹತ್ತಿರದಿಂದ 25 ಎಸೆದು 15 ಗೋಲು, ಶೇಕಡಾ 60. ದೂರದಿಂದ 10 ಎಸೆದು 1 ಗೋಲು, ಶೇಕಡಾ 10. ಹತ್ತಿರದಲ್ಲೂ ಪುಟ್ಟಿಯದೇ ಹೆಚ್ಚು, ದೂರದಲ್ಲೂ ಪುಟ್ಟಿಯದೇ ಹೆಚ್ಚು. ಎರಡನ್ನೂ ಕೂಡಿಸಿದರೆ ಮಾತ್ರ ಪುಟ್ಟಿಯದು 30, ಅವಳದು 46! ಮೋಸ ಏನೂ ಇಲ್ಲ. ಒಬ್ಬಳ ಪಾಲಿಗೆ ಹೆಚ್ಚಾಗಿ ಸುಲಭದ ಎಸೆತ ಬಂದಿದೆ, ಇನ್ನೊಬ್ಬಳ ಪಾಲಿಗೆ ಕಷ್ಟದ್ದು, ಅಷ್ಟೇ. ಆ ಹುಡುಗಿ ತನ್ನ ಕೈಚಳಕದಲ್ಲೇ ಪುಟ್ಟಿಯ ಪಾಲಿನ ಎಸೆತಗಳನ್ನು ಎಸೆದಿದ್ದರೆ? ಹತ್ತಿರದ 10ರಲ್ಲಿ 6, ದೂರದ 30ರಲ್ಲಿ 3. ಒಟ್ಟು 40ರಲ್ಲಿ 9, ಅಂದರೆ ಶೇಕಡಾ ಇಪ್ಪತ್ತೆರಡೂವರೆ.

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸಿಂಪ್ಸನ್ನನ ವಿರೋಧಾಭಾಸ ಎನ್ನುತ್ತಾರೆ. ಎಡ್ವರ್ಡ್ ಸಿಂಪ್ಸನ್ ಎಂಬುವರು 1951ರಲ್ಲಿ ಇದನ್ನು ಕುರಿತು ಬರೆದರು. ಇದರ ಹೆಸರಾಂತ ಉದಾಹರಣೆ ಕ್ಯಾಲಿಫೋರ್ನಿಯಾದ್ದೇ, ಅದೂ ಹೆಂಗಸರದ್ದೇ. 1973ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಮೇಲಿನ ಓದಿಗೆ ಅರ್ಜಿ ಹಾಕಿದ ಗಂಡಸರಲ್ಲಿ ಸುಮಾರು ಶೇಕಡಾ 44 ಜನಕ್ಕೆ ಸೀಟು ಸಿಕ್ಕಿತು, ಹೆಂಗಸರಲ್ಲಿ ಸುಮಾರು ಶೇಕಡಾ 35 ಜನಕ್ಕೆ. ಹೆಂಗಸರನ್ನು ಬೇಕೆಂದೇ ಬಿಟ್ಟಿದ್ದಾರೆ ಅನ್ನಿಸುವುದಿಲ್ಲವೇ? ಲೆಕ್ಕ ಬಲ್ಲವರು ಒಂದೊಂದು ವಿಭಾಗವನ್ನೂ ಬೇರೆ ಬೇರೆ ಬಿಡಿಸಿ ನೋಡಿ 1975ರಲ್ಲಿ ಪ್ರಕಟಿಸಿದರು. ಹಾಗೆ ನೋಡಿದಾಗ ಹೆಂಗಸರು ಹಿಂದೆ ಬಿದ್ದಿರಲಿಲ್ಲ. ಯಾರಿಗೇ ಆಗಲಿ ಸೀಟು ಸಿಗುವುದು ಕಷ್ಟವಾದ ವಿಭಾಗಗಳಿಗೆ ಅವರು ಹೆಚ್ಚಾಗಿ ಅರ್ಜಿ ಹಾಕಿದ್ದರು. ಅವರೂ ದೂರದಿಂದಲೇ ಎಸೆದವರು.

"ಹಾಗಾದರೆ ನಿಮ್ಮ ಪುಟ್ಟಿಯೇ ಮೇಲು" ಅಂತ ನೀವು ತೀರ್ಮಾನ ಮಾಡಿಬಿಡಬೇಡಿ. ನಾನೂ ಆ ಆಸೆಯನ್ನು ಕಷ್ಟಪಟ್ಟು ನುಂಗಿಕೊಂಡೆ. 10ರಲ್ಲಿ 7 ಅನ್ನುವುದು ಚಿಕ್ಕ ಲೆಕ್ಕ. ಎರಡು ಚೆಂಡು ಕಂಬಿಗೆ ಬಡಿದಿದ್ದರೆ 5 ಆಗುತ್ತಿತ್ತು. ಒಟ್ಟಾರೆ 100ಕ್ಕೆ 30 ಗೋಲು ಹೊಡೆಯುವ ಹುಡುಗಿ 20 ಎಸೆದರೆ 6 ಬರಬೇಕು. ಆದರೆ ಅವಳ ಆಟದಲ್ಲಿ ಏನೂ ಬದಲಾಗದೆಯೇ ಒಮ್ಮೆ 4 ಬರಬಹುದು, ಒಮ್ಮೆ 8 ಬರಬಹುದು. ಶೇಕಡಾ 20 ಬಂದಾಗ ಬೈದು, 40 ಬಂದಾಗ ಸಿಹಿ ಹಂಚುವವರು ನಾವು. ಒಂದು ದಿನ ಇಡ್ಲಿ ಗಟ್ಟಿಯಾಯಿತು ಅಂತ ಸೊಸೆಗೆ ಅಡುಗೆ ಬಾರದು ಎನ್ನುವ ಅತ್ತೆಯ ಹಾಗೆ. ಆದ್ದರಿಂದ ನನ್ನ ಪುಸ್ತಕ ಹೇಳಿದ್ದು ಇಷ್ಟೇ: ಪುಟ್ಟಿ ಮೇಲು ಎಂದಲ್ಲ, ಅವಳು ಕೀಳು ಎಂದು ಆ ಪಟ್ಟಿಯಿಂದ ಹೇಳಲಾಗದು ಎಂದು.

ಇನ್ನು ಆ 30 ದೂರದ ಎಸೆತ ಅವಳ ಪಾಲಿಗೆ ಯಾಕೆ ಬಂತು ಅಂತ ನೋಡಿದೆ. ಅದರಲ್ಲಿ 18 ಎಸೆಯುವಾಗ ಗಡಿಯಾರದಲ್ಲಿ 5 ಸೆಕೆಂಡೂ ಉಳಿದಿರಲಿಲ್ಲ. ಉಳಿದವರು ಅತ್ತ ಇತ್ತ ದಾಟಿಸಿ, ದಾರಿ ಸಿಗದೆ, ಕೊನೆಗೆ "ನೀನೇ ಏನಾದರೂ ಮಾಡು" ಅಂತ ಪುಟ್ಟಿಗೆ ಎಸೆಯುವರು. ಅವಳ ಕೈಗೆ ಬಲ ಇದೆ ಅಂತ. ದೊಡ್ಡ ಮನೆಯಲ್ಲಿ ಹಿರಿ ಸೊಸೆಯ ಪಾಡು ಗೊತ್ತಲ್ಲ? ಯಾರಿಗೂ ಆಗದ ಕೆಲಸವೆಲ್ಲ ಕೊನೆಗೆ ಅವಳ ಮೈಮೇಲೆ, ಕೆಟ್ಟರೆ ಹೆಸರೂ ಅವಳದೇ. ಆ 18ರಲ್ಲಿ ಗೋಲಾದದ್ದು ಎರಡೇ. ಆದರೆ ಎಸೆಯದೇ ಇದ್ದಿದ್ದರೆ ಚೆಂಡು ಹೇಗೂ ಎದುರಾಳಿಗೆ ಹೋಗುತ್ತಿತ್ತು. ಆ ಎರಡು ಗೋಲು ಶೂನ್ಯದಿಂದ ತೆಗೆದದ್ದು.

2000ದ ಸಿಡ್ನಿಯಲ್ಲಿ ಹೆಂಗಸರ ಮೊಟ್ಟಮೊದಲ ಒಲಿಂಪಿಕ್ ಫೈನಲ್. ಆಸ್ಟ್ರೇಲಿಯಾಕ್ಕೂ ಅಮೆರಿಕಕ್ಕೂ 3-3. ಆಟ ಮುಗಿಯಲು ಒಂದೆರಡು ಸೆಕೆಂಡು ಇದ್ದಾಗ ಆಸ್ಟ್ರೇಲಿಯಾದ ಇವೆಟ್ ಹಿಗಿನ್ಸ್ ದೂರದಿಂದ ಎಸೆದಳು. ಗೋಲಾಯಿತು. 4-3ರಲ್ಲಿ ಚಿನ್ನ. ಅಂಥ ಎಸೆತಗಳು ಹೆಚ್ಚಾಗಿ ತಪ್ಪುತ್ತವೆ. "ನನ್ನ ಶೇಕಡಾ ಕೆಡುತ್ತದೆ" ಅಂತ ಅವಳು ಕೈ ಮಡಿಸಿಕೊಂಡಿದ್ದರೆ?

ಲೆಕ್ಕ ಅಂದ ಮೇಲೆ ನಮಗೆ ಬೇಕಾದ್ದನ್ನು ಮಾತ್ರ ಹೇಳುವುದಿಲ್ಲ. ಉಳಿದ 12 ದೂರದ ಎಸೆತ ಇದೆಯಲ್ಲ, ಅದಕ್ಕೆ ಗಡಿಯಾರದ ನೆಪ ಇರಲಿಲ್ಲ. ವಿಡಿಯೋ ನಿಲ್ಲಿಸಿ ನೋಡಿದರೆ ಅದರಲ್ಲಿ 7 ಸಲ ಗೋಲಿನ ಮುಂದೆ ಇನ್ನೊಬ್ಬಳು ಕೈ ಎತ್ತಿಕೊಂಡು ಖಾಲಿ ನಿಂತಿದ್ದಳು. ಪುಟ್ಟಿ ಅವಳನ್ನು ನೋಡಲೇ ಇಲ್ಲ. ಇನ್ನೊಂದು: 30ರಲ್ಲಿ 19 ಎಸೆತ ಒಂದೇ ಮೂಲೆಗೆ. ನನ್ನಂಥ ಮುದುಕಿಗೇ ಮೊದಲೇ ತಿಳಿದುಹೋಗುವಾಗ ಎದುರಾಳಿ ಗೋಲ್‌ಕೀಪರಿಗೆ ತಿಳಿಯದೇ?

ಭಾನುವಾರ ಮಧ್ಯಾಹ್ನ ಪುಟ್ಟಿಯನ್ನು ಕೂರಿಸಿಕೊಂಡೆ. ಮೊದಲು 70, 17 ತೋರಿಸಿದೆ. ಮುಖ ಅರಳಿತು. ಆಮೇಲೆ ಆ ಏಳು ಎಸೆತದ ವಿಡಿಯೋ ಒಂದೊಂದಾಗಿ ತೋರಿಸಿದೆ. ಮುಖ ಬಾಡಿತು. ಮೂರನೆಯದಕ್ಕೆ "ಓ ಮೈ ಗಾಡ್, ಅವಳು ಅಲ್ಲೇ ಇದಾಳೆ!" ಅಂತ ತಲೆ ಚಚ್ಚಿಕೊಂಡಳು. ಐದನೆಯದಕ್ಕೆ ನಗತೊಡಗಿದಳು. "ನೀನು ಕೆಟ್ಟದಾಗಿ ಆಡ್ತೀಯ" ಅನ್ನುವುದಕ್ಕೂ "ಈ ಏಳು ಸಲ ಇವಳನ್ನು ನೋಡಲಿಲ್ಲ" ಅನ್ನುವುದಕ್ಕೂ ಇರುವ ವ್ಯತ್ಯಾಸ ಅದು. ಮೊದಲನೆಯದನ್ನು ಕೇಳಿದ ಮಗು ಮೂಲೆ ಸೇರುತ್ತದೆ. ಎರಡನೆಯದನ್ನು ಕೇಳಿದ ಮಗು ನಾಳೆ ತಲೆ ಎತ್ತಿ ನೋಡುತ್ತದೆ.

ಆಮೇಲೆ ಆ ಸಿ ಸೆಕ್ಷನ್ ಹುಡುಗಿಯ ಕಥೆಯನ್ನೂ ಹೇಳಿದೆ. ಪುಟ್ಟಿ ಬಹಳ ಹೊತ್ತು ಮಾತಾಡಲಿಲ್ಲ. "ಅವಳಿಗೆ ಎಸೆಯೋಕೇ ಬಿಡಲಿಲ್ಲ ನೀನು" ಅಂದಳು. ಹೌದು ಅಂದೆ. ಬೇರೆ ಏನು ಹೇಳಲಿ?

ನೋಟ್‌ಬುಕ್ಕನ್ನು ಅವಳೇ ಕೋಚ್ ಹತ್ತಿರ ತೆಗೆದುಕೊಂಡು ಹೋದಳು. ಕೋಚ್ ಒಬ್ಬ ಹೆಂಗಸು, ಒಳ್ಳೆಯವಳೇ. ಇಪ್ಪತ್ತು ಹುಡುಗಿಯರ ಲೆಕ್ಕ ಇಡಲು ಪುರುಸೊತ್ತಿಲ್ಲದೆ ಸುಲಭದ ಲೆಕ್ಕ ಇಟ್ಟಿದ್ದಳು, ನಮ್ಮ ಮುಖ್ಯೋಪಾಧ್ಯಾಯರ ಹಾಗೇ. ಪುಟ್ಟಿಯನ್ನು ಕೂಡಲೇ ಮೊದಲ ಏಳಕ್ಕೆ ಸೇರಿಸಿದಳು ಅಂದುಕೊಂಡಿರಾ? ಇಲ್ಲ, ಇದು ಸಿನಿಮಾ ಅಲ್ಲ. ಆದರೆ ಮುಂದಿನ ವಾರ ಗೋಡೆಯ ಪಟ್ಟಿಯಲ್ಲಿ ಕಾಲಂ ಹೆಚ್ಚಿದ್ದವು. ಹತ್ತಿರ, ದೂರ, ಎದುರಾಳಿ ಕಡಿಮೆ ಇದ್ದಾಗ, ಗಡಿಯಾರದ ಕೊನೆ. ಜೊತೆಗೆ, ಯಾರು ದಾಟಿಸಿದ್ದರಿಂದ ಗೋಲಾಯಿತು ಎಂಬುದಕ್ಕೂ ಒಂದು. ಆ 9ನೇ ನಂಬರಿನ ಹುಡುಗಿಯೂ ಪುಟ್ಟಿಯೂ ಈಗ ಜೊತೆಯಲ್ಲಿ ದೂರದ ಎಸೆತ ಅಭ್ಯಾಸ ಮಾಡುತ್ತಾರೆ.

ಫೆಬ್ರವರಿಯಲ್ಲಿ ಆ ಋತುವಿನ ಕೊನೆಯ ಪಂದ್ಯ. ಪುಟ್ಟಿಯ ತಂಡ ಒಂದು ಗೋಲು ಹಿಂದೆ. ಗಡಿಯಾರ ಇಳಿಯುತ್ತಿದೆ, ನಾಲ್ಕು, ಮೂರು. ಚೆಂಡು ಎಂದಿನಂತೆ ಪುಟ್ಟಿಯ ಕೈಗೆ. ಅವಳು ತಲೆ ಎತ್ತಿ ಒಮ್ಮೆ ಗೋಲಿನ ಮುಂದೆ ನೋಡಿದಳು. ಯಾರೂ ಖಾಲಿ ಇರಲಿಲ್ಲ. ಸೊಂಟದವರೆಗೂ ನೀರಿನಿಂದ ಮೇಲೆದ್ದು ಎಸೆದಳು, ಆ ಹಳೆಯ ಮೂಲೆಗಲ್ಲ, ಇನ್ನೊಂದಕ್ಕೆ. ನಾನು ಶಾಲು ಬಿದ್ದದ್ದೂ ಗೊತ್ತಾಗದೆ ಎದ್ದು ನಿಂತಿದ್ದೆ. ಚೆಂಡು ಮೇಲಿನ ಕಂಬಿಗೆ ಠಣ್ ಅಂತ ಬಡಿದು ಆಚೆ ಹಾರಿತು. ಸೋತರು.

ಕಾರಿನಲ್ಲಿ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಕೂತು, "ಅಜ್ಜಿ, ಬುಕ್ ಕೊಡು" ಅಂದಳು. ಅವಳೇ ಬರೆದಳು: ದೂರ, 3 ಸೆಕೆಂಡು, ಕಂಬಿ. ನಾನು ಮೆಲ್ಲಗೆ, "ಅರ್ಧ ಗೋಲು ಅಂತ ಬರಿ" ಅಂದೆ. "ಅಜ್ಜೀ, ಬಾರ್ ಅಂದ್ರೆ ಮಿಸ್" ಅಂತ ನನ್ನ ಕೈಗೆ ಒಂದು ಏಟು ಕೊಟ್ಟು ನಕ್ಕಳು. ಮನೆಗೆ ಬಂದು ನಾಲ್ಕು ಚಪಾತಿ ತಿಂದಳು. ಆ ಲೆಕ್ಕವನ್ನು ನಾನು ಬರೆದಿಡಲಿಲ್ಲ.

ಸೋದರಿಯರೇ, ನಿಮ್ಮ ಮನೆಯ ಮಕ್ಕಳು ವಾಟರ್ ಪೋಲೋ ಆಡಲಾರರು. ಆದರೆ ಅಂಕಪಟ್ಟಿ ತರುತ್ತಾರೆ, ಶೇಕಡಾ ತರುತ್ತಾರೆ, ಪಕ್ಕದ ಮನೆಯವರ ಶೇಕಡಾವನ್ನೂ ನೀವೇ ಕೇಳಿ ತರುತ್ತೀರಿ. ಮುಂದಿನ ಸಲ ಒಂದು ಸಂಖ್ಯೆ ಮನೆಗೆ ಬಂದಾಗ ಬೈಯುವ ಮೊದಲು, ಹೊಗಳುವ ಮೊದಲು ಕೂಡ, ಮೂರು ಮಾತು ಕೇಳಿ. ಎಷ್ಟರಲ್ಲಿ ಎಷ್ಟು? ಎಂಥ ಎಸೆತ, ಹತ್ತಿರದ್ದೋ ದೂರದ್ದೋ? ಹೆದರಿ ಎಸೆಯದೇ ಬಿಟ್ಟದ್ದು ಎಷ್ಟು? ಮೂರನೆಯದು ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ, ಮಗುವಿನ ಮುಖ ನೋಡಿಯೇ ತಿಳಿಯಬೇಕು.

ನಾನು ಊರಿಗೆ ಬಂದು ಎರಡು ತಿಂಗಳಾಯಿತು. ಆ ಹುಡುಗಿ ಎಲ್ಲಿದ್ದಾಳೆಂದು ಹಳೆಯ ಸಹೋದ್ಯೋಗಿಗಳನ್ನೆಲ್ಲ ಕೇಳುತ್ತಿದ್ದೇನೆ. ಹುಡುಗಿ ಏನು, ಈಗ ಐವತ್ತು ದಾಟಿರಬೇಕು. ಸಿಕ್ಕರೆ ಹೇಳಬೇಕಾದ ಒಂದು ಮಾತಿದೆ. ಕ್ಷಮಿಸುತ್ತಾಳೋ ಇಲ್ಲವೋ ಅದು ಅವಳಿಗೆ ಬಿಟ್ಟದ್ದು. ಕಂಬಿಗೆ ಬಡಿದರೂ ಸರಿ, ಎಸೆಯಬೇಕಾದ್ದು ನಾನು.

ಏಳಿ, ಒಲೆಯ ಮೇಲಿನದನ್ನು ನೋಡಿ. ಸೀದೀತು.